ಕಟ್ಟೆಗೆ ಸಮನಾದ ಕಿಟಕಿ

ಕಾರವಾರದಲ್ಲಿ ಮನೆ ಕಟ್ಟಿಸ್ತಾ ಇರೋ ಗೆಳತಿಯೊಬ್ಬಳು ಹೋದ ವಾರ ವಾಟ್ಸ್‌ಆ್ಯಪ್ ಮಾಡಿದ್ದಳು. "ನಿಮ್ಮ ಅಂಕೋಲೆ ಮನೆಯ ಅಡುಗೆಮನೆ ಕಿಟಕಿ ಫೋಟೋ ಕಳ್ಸೇ. ಗ್ರಾನೈಟ್ ಕಟ್ಟೆ ಸೀದಾ ಕಿಟಕಿಗೆ ಹೋಗಿ ಮುಟ್ತದಲ್ಲ, ಅದನ್ನ ನಮ್ಮ ಗೌಂಡಿಗೆ ತೋರಿಸ್ಬೇಕು."

ಫೋಟೋ ಕಳಿಸಿದೆ. ಎರಡು ನಿಮಿಷ ಬಿಟ್ಟು, "ಬರೀ ಫೋಟೋ ನೋಡಿ ಮಾಡಿಸ್ಬೇಡ ಮಾರಾಯ್ತಿ, ಮೊದಲು ನನ್ನ ಕಥೆ ಕೇಳು" ಅಂತ ಬರೆದೆ. ಯಾಕಂದ್ರೆ ಆ ಫೋಟೋದಲ್ಲಿರೋದು ಎರಡನೇ ಸಲ ಮಾಡಿಸಿದ ಕಿಟಕಿ. ಮೊದಲನೇದರ ಫೋಟೋಗಳನ್ನು ನಾನು ಯಾರಿಗೂ ಕಳಿಸಿಲ್ಲ. ಅವಳಿಗೆ ಬರೆದ ಉದ್ದದ ಮೆಸೇಜೇ ಈ ವಾರದ ಅಂಕಣ. ಊರಿನ ಮನೆ ರಿಪೇರಿ ಮಾಡಿಸೋ ಯೋಚನೆಯಲ್ಲಿದ್ದರೆ ಪೂರ್ತಿ ಓದಿ.

ಆಯಿಗೆ ಕಾಣದ ಗೇಟು

ನಮ್ಮದು ಚಿರೇಕಲ್ಲಿನ ಗೋಡೆ, ಹಂಚಿನ ಮಾಡು. ಅಜ್ಜಿಯ ಕಾಲದಲ್ಲಿ ಅಡುಗೆ ಅಂದ್ರೆ ನೆಲದ ಮೇಲೆ ಕೂತು ಮಾಡೋದು. ಒಲೆ ನೆಲದಲ್ಲಿ, ಈಳಿಗೆ ಮಣೆ ನೆಲದಲ್ಲಿ, ಕಿಟಕಿಯೂ ಕೂತವರ ಕಣ್ಣಿಗೆ ಸರಿಯಾಗಿ ಕೆಳಗೇ ಇತ್ತು. ಅಜ್ಜಿ ಕಾಯಿ ತುರೀತಾ ಬಾವಿಕಟ್ಟೆ, ದಣಪೆ ಎಲ್ಲವನ್ನೂ ನೋಡ್ತಾ ಇದ್ದಳು.

ಆಮೇಲೆ ಗ್ಯಾಸ್ ಬಂತು, ನಿಂತು ಮಾಡೋ ಕಟ್ಟೆ ಬಂತು. ಹಳೇ ಕಿಟಕಿ ಮುಚ್ಚಿ ಹೊಸದನ್ನು ಮೇಲೆ ಇಟ್ಟರು. ಎಲ್ಲ ಕಡೆಯೂ ಇದೇ ಲೆಕ್ಕ: ಕಟ್ಟೆ 32ರಿಂದ 34 ಇಂಚು, ಅದರ ಮೇಲೆ ಒಂದು ಸಾಲು ಟೈಲ್ಸ್, ಕಿಟಕಿ ಶುರುವಾಗೋದು 42-44 ಇಂಚಿಗೆ. ಐದೂವರೆ ಅಡಿ ಎತ್ತರದವರಿಗೆ ಅಡ್ಡಿಲ್ಲ. ನಮ್ಮ ಆಯಿ ನಾಲ್ಕಡಿ ಹತ್ತಿಂಚು. ಅವಳಿಗೆ ಆ ಕಿಟಕಿಯಲ್ಲಿ ಕಾಣ್ತಿದ್ದದ್ದು ತೆಂಗಿನ ತಲೆ ಮತ್ತು ಆಕಾಶ, ಅಷ್ಟೇ.

ಅಪ್ಪ ಇರೋವರೆಗೆ ಇದು ಯಾರಿಗೂ ಸಮಸ್ಯೆ ಅನಿಸಲಿಲ್ಲ. ಜಗಲಿಯಲ್ಲಿ ಅಪ್ಪ ಕೂತಿರ್ತಿದ್ರು, ಯಾರು ಬಂದ್ರೂ ಕೂಗಿ ಹೇಳ್ತಿದ್ರು. ಅಪ್ಪ ಹೋದ ಮೇಲೆ ಮೀನಿನವಳು ಗೇಟಲ್ಲಿ ಕೂಗಿದ್ರೆ ಆಯಿ ಗ್ಯಾಸ್ ಆರಿಸಿ, ಕೈ ತೊಳೆದು, ಜಗಲಿಗೆ ಬರೋಷ್ಟರಲ್ಲಿ ಅವಳು ಮುಂದಿನ ಮನೆಗೆ ಹೋಗಿರ್ತಿದ್ದಳು. ಒಂದು ದಿನ ಫೋನಲ್ಲಿ ಆಯಿ ನಗ್ತಾ ಹೇಳಿದಳು: "ನಂಗೆ ದಿನಾ ಗೋಡೆಯ ಹತ್ರ ಮಾತಾಡಿ ಸಾಕಾಗ್ತದೆ ಮಗಾ." ಅವಳು ನಕ್ಕಳು. ನನಗೆ ಬೆಂಗಳೂರಿನ ಪಿಜಿಯಲ್ಲಿ ಆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲ ಸಲ

ರೀಲ್ಸ್‌ನಲ್ಲಿ ನೋಡಿದ್ದೆ. ಕಟ್ಟೆಯ ಕಲ್ಲು ಎಲ್ಲೂ ತಡೆಯಿಲ್ಲದೆ ಕಿಟಕಿ ದಾಟಿ ಹೊರಗೆ ಹೋಗಿರ್ತದೆ. ಗಾಜು ಸರಿಸಿದರೆ ಒಳಗೂ ಹೊರಗೂ ಒಂದೇ ಮಟ್ಟ. ಇದೇ ಬೇಕು ಅಂತ ತೀರ್ಮಾನಿಸಿ, 2024ರ ಏಪ್ರಿಲ್‌ನಲ್ಲಿ ಒಂದು ವಾರ ರಜೆ ಹಾಕಿ ಊರಿಗೆ ಹೋದೆ.

ನಮ್ಮ ಮನೆಯ ಎಲ್ಲ ಕೆಲಸ ಮಾಡೋ ಹಿರಿಯ ಗೌಂಡಿ ಒಬ್ಬರಿದ್ದಾರೆ. ಗೋಡೆ ನೋಡಿ ಅವರು ಹೇಳಿದ್ದು ಒಂದೇ ಮಾತು. "ತಂಗೀ, ಇದು ಪಡುವಣ ದಿಕ್ಕು. ಮಳೆ ಮೇಲಿಂದ ಬರೂದಿಲ್ಲ ಇಲ್ಲಿ, ಅಡ್ಡ ಬರ್ತದೆ. ಹೊರಗಿನ ಕಲ್ಲು ಕೆಳಗೆ ಇಳಿಸಿ ಇಳಿಜಾರು ಕೊಡುವಾ." ನಾನು ಫೋನ್ ತೆಗೆದು ರೀಲ್ ತೋರಿಸಿದೆ. ಇಳಿಸಿದ್ರೆ ಸಮ ಎಲ್ಲಿ ಬಂತು ಅಂತ ವಾದ ಮಾಡಿದೆ. ದುಡ್ಡು ಕೊಡೋಳು ನಾನು. ಅವರು ಸುಮ್ಮನಾದರು.

ಒಳಗಿನ ಕಲ್ಲು, ಹೊರಗಿನ ಕಲ್ಲು ಎರಡನ್ನೂ ಒಂದೇ ಮಟ್ಟಕ್ಕೆ ಕೂರಿಸಿ, ನಡುವೆ ಸಂದಿ ಬಿಟ್ಟು, ಆ ಸಂದಿಯೊಳಗೆ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯ ಟ್ರ್ಯಾಕ್ ಹುದುಗಿಸಿದರು. ಕಿಟಕಿಯವನು ಸುತ್ತಲೂ ಚೆನ್ನಾಗಿ ಸಿಲಿಕೋನ್ ತುಂಬಿದ. ನೋಡೋಕೆ ಎಷ್ಟು ಚೆಂದ ಇತ್ತು ಅಂದ್ರೆ, ಫೋಟೋ ಹಾಕಿದ ಸ್ಟೇಟಸ್ಸಿಗೆ ಆಫೀಸಿನ ಅರ್ಧ ಜನ ಹಾರ್ಟ್ ಕೊಟ್ಟಿದ್ದರು. ಆಯಿ ಕಟ್ಟೆಗೆ ಕೈಯೂರಿ ಗೇಟು ನೋಡಿದಳು. "ಬಾವಿ ಹಗ್ಗ ಬದಲಾಯಿಸ್ಬೇಕು, ಇಲ್ಲಿಂದಲೇ ಕಾಣ್ತದೆ" ಅಂದಳು.

ಜೂನ್‌ನಲ್ಲಿ ಮಳೆ ಹಿಡಿಯಿತು.

ಬೆಂಗಳೂರಿನಲ್ಲಿ ಇಡೀ ವರ್ಷಕ್ಕೆ ಬೀಳೋದು ಸುಮಾರು 1000 ಮಿಲಿಮೀಟರ್. ನಮ್ಮ ಕಾರವಾರ-ಅಂಕೋಲೆ ಕರಾವಳಿಯಲ್ಲಿ ಅದರ ಮೂರು ಪಟ್ಟಿನ ಆಸುಪಾಸು. ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಸಮುದ್ರದ ಕಡೆಯಿಂದ ಬೀಸೋ ಗಾಳಿಯ ಜೊತೆಗೆ. ಆ ವರ್ಷ ಜುಲೈ 16ರಂದು ನಮ್ಮದೇ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ, ಗಂಗಾವಳಿ ನದಿಗೆ ಬಿತ್ತು. ಎಷ್ಟೋ ಜನ ಹೋದರು. ನಾನು ದಿನಕ್ಕೆ ನಾಲ್ಕು ಸಲ ಆಯಿಗೆ ಫೋನ್ ಮಾಡ್ತಿದ್ದೆ. ಪ್ರತಿ ಸಲ ಒಂದೇ ಉತ್ತರ: "ಇಲ್ಲೆಲ್ಲ ಅರಾಮ. ಅಡ್ಡಿಲ್ಲ ಮಗಾ."

ಆಗಸ್ಟ್‌ನಲ್ಲಿ ಊರಿಗೆ ಹೋದಾಗ ನೋಡ್ತೇನೆ: ಕಟ್ಟೆಯ ಮೇಲೆ ಹಳೇ ಸೀರೆ, ಟವೆಲ್ ಸಾಲಾಗಿ ಒತ್ತಿಟ್ಟಿದ್ದಾಳೆ. ಕೆಳಗೆ ಬಕೆಟ್. ಪಕ್ಕದ ಸ್ವಿಚ್ ಬೋರ್ಡಿಗೆ ಪ್ಲಾಸ್ಟಿಕ್ ಕಟ್ಟಿದ್ದಾಳೆ. ಬಲಗೈ ಮಣಿಕಟ್ಟಿಗೆ ಬ್ಯಾಂಡೇಜು. ಒದ್ದೆ ನೆಲದಲ್ಲಿ ಜಾರಿದ್ದಳಂತೆ, ಹತ್ತು ದಿನ ಆಗಿತ್ತಂತೆ. ಯಾಕೆ ಹೇಳಲಿಲ್ಲ ಅಂತ ಕೂಗಾಡಿದೆ. "ಶಿರೂರಲ್ಲಿ ಜನರೇ ಹೋದ್ರು. ನನ್ನ ಕಟ್ಟೆ ಮೇಲೆ ನೀರು ಬಂದದ್ದು ಎಂತ ದೊಡ್ಡ ಸುದ್ದಿ ಅಂತ ಹೇಳೂದು? ನೀನು ಅಷ್ಟು ಆಸೆಯಿಂದ ಮಾಡಿಸಿದ್ದು" ಅಂದಳು.

ನನಗೆ ಮಾತು ಬರಲಿಲ್ಲ.

ನೀರು ಬಂದದ್ದು ಹೇಗೆ?

ಗೌಂಡಿಯವರನ್ನು ಕರೆದೆ. "ನಾನು ಹೇಳಿದ್ದೆ" ಅಂತ ಅವರು ಅನ್ನಲಿಲ್ಲ. ಒಂದು ಚೊಂಬು ನೀರನ್ನು ಹೊರಗಿನ ಕಲ್ಲಿನ ಮೇಲೆ ಸುರಿದು ತೋರಿಸಿದರು. ನೀರು ಅಲ್ಲೇ ನಿಂತಿತು. ಆಮೇಲೆ ನಿಧಾನಕ್ಕೆ ಒಳಗೆ ಬಂತು. ತಪ್ಪು ಮೂರಿತ್ತು.

ಒಂದು, ಹೊರಗಿನ ಕಲ್ಲು ಮಟ್ಟಸ. ಹೊರಗೆ ಹೋಗು ಅಂತ ನೀರಿಗೆ ಹೇಳೋರೇ ಇಲ್ಲ. ಗಾಳಿ ಎತ್ತ ನೂಕಿದರೆ ಅತ್ತ.

ಎರಡು, ಸ್ಲೈಡಿಂಗ್ ಕಿಟಕಿಯ ಟ್ರ್ಯಾಕಿನಲ್ಲಿ ನೀರು ಸೇರೋದು ಸಹಜ. ಅದಕ್ಕೇ ಹೊರಬದಿಯಲ್ಲಿ ನೀರು ಹೋಗೋಕೆ ಸಣ್ಣ ತೂತುಗಳನ್ನು ಇಟ್ಟಿರ್ತಾರೆ. ಟ್ರ್ಯಾಕನ್ನು ಕಲ್ಲಿನ ಮಟ್ಟಕ್ಕಿಂತ ಕೆಳಗೆ ಇಳಿಸಿದಾಗ ಆ ತೂತುಗಳು ಕಲ್ಲಿನ ಅಂಚಿಗೆ ಬಂದು ಮುಚ್ಚಿಕೊಂಡವು. ಉಳಿದದ್ದನ್ನು ಸಿಲಿಕೋನ್ ಮುಚ್ಚಿತು. ಅಲ್ಲಿಗೆ ನಮ್ಮ ಕಟ್ಟೆಯೊಳಗೆ ಒಂದು ಪುಟ್ಟ ತೊಟ್ಟಿ ತಯಾರು. ತುಂಬಿದ ಮೇಲೆ ಒಳಗೇ ಹರೀಬೇಕು.

ಮೂರು, ಚಿರೇಕಲ್ಲು. ತೂತು ತೂತಿನ ಕಲ್ಲು ಅದು, ನೀರು ಕುಡೀತದೆ. ಹೊರಗಿನ ಕಲ್ಲಿನ ಅಂಚಿಂದ ಇಳಿದ ನೀರು ಅಡಿಭಾಗಕ್ಕೆ ಅಂಟಿಕೊಂಡೇ ಹಿಂದೆ ಸರಿದು ಗೋಡೆಗೆ ಹೋಗ್ತಿತ್ತು. ಗೋಡೆ ಒಳಗಿಂದಲೂ ಬೆವರ್ತಿತ್ತು.

ನಮ್ಮ ಊರಿನ ಹಳಬರು ಮಳೆಗಾಲಕ್ಕೆ ಮುಂಚೆ ಗಾಳಿ ಹೊಡೆಯೋ ಬದಿಗೆ ತೆಂಗಿನ ಗರಿಯ ತಟ್ಟಿ ಕಟ್ಟುತ್ತಿದ್ದದ್ದು ಸುಮ್ಮನೆ ಅಲ್ಲ. ಮಳೆ ಗೋಡೆಗೆ ಮುಟ್ಟಲೇಬಾರದು ಅನ್ನೋದು ಅವರ ಲೆಕ್ಕ. ನಾನು ಮಾಡಿದ್ದು, ಬಾ ಅಂತ ಮಳೆಗೆ ಮಣೆ ಹಾಕಿದ ಕೆಲಸ.

ಎರಡನೇ ಸಲ

ಗೋಡೆ ಒಣಗೋವರೆಗೆ ಗೌಂಡಿ ಮುಟ್ಟಲೇ ಇಲ್ಲ. ಒದ್ದೆ ಗೋಡೆಯ ಮೇಲೆ ಏನು ಬಳಿದರೂ ನಿಲ್ಲೋದಿಲ್ಲ. ಡಿಸೆಂಬರ್‌ನಲ್ಲಿ ಕೆಲಸ ಶುರುವಾಯಿತು. ಅಲ್ಲಿವರೆಗೆ ಹೊರಗೆ ಟಾರ್ಪಾಲು.

ಒಳಗಿನ ಕಲ್ಲು ಹಾಗೇ ಉಳಿಯಿತು. ಹೊರಗಿನ ಕಲ್ಲನ್ನು ಕಿತ್ತು, ಮುಕ್ಕಾಲು ಇಂಚು ಕೆಳಗೆ, ಹೊರಕ್ಕೆ ಇಳಿಜಾರಾಗಿ ಕೂರಿಸಿದರು. ಆರಿಂಚು ಅಗಲದ ಕಲ್ಲಿಗೆ ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚೇ ಇಳಿಜಾರು. ಕಲ್ಲು ಗೋಡೆಯಿಂದ ಎರಡಿಂಚು ಹೊರಗೆ ಚಾಚಿದೆ. ಚಾಚಿದ ಭಾಗದ ಅಡಿಯಲ್ಲಿ, ಅಂಚಿನಿಂದ ಒಳಕ್ಕೆ, ಉದ್ದಕ್ಕೂ ಒಂದು ಗೆರೆ ಕೊರೆದಿದ್ದಾರೆ. ಬೆರಳಗಲದ ಗೆರೆ, ಅಷ್ಟೇ. ಅಂಟಿಕೊಂಡು ಹಿಂದೆ ಬರೋ ನೀರು ಆ ಗೆರೆ ದಾಟಲಾರದೆ ಅಲ್ಲೇ ತೊಟ್ಟಿಕ್ಕಿ ಕೆಳಗೆ ಬೀಳ್ತದೆ. ಹೊರಗಿನ ಕಲ್ಲು ಕೂರಿಸೋ ಮೊದಲು ಚಿರೇಕಲ್ಲಿನ ಮೇಲೆ ಗಾರೆ ಮಾಡಿ, ವಾಟರ್‌ಪ್ರೂಫಿಂಗ್ ಎರಡು ಕೋಟ್ ಬಳಿದರು.

ಹಳೇ ಸಂದಿಯನ್ನು ಕಾಂಕ್ರೀಟಿನಿಂದ ತುಂಬಿ, ಹೊಸ ಚೌಕಟ್ಟನ್ನು ಸರಿಯಾಗಿ ಆ ಮೆಟ್ಟಿಲ ಮೇಲೆ ಕೂರಿಸಿದರು. ಅಂದ್ರೆ ಹೊರಗೆ ಕಲ್ಲು ಕೆಳಗಿದೆ, ಒಳಗೆ ಮೇಲಿದೆ, ಆ ವ್ಯತ್ಯಾಸ ಚೌಕಟ್ಟಿನ ಅಡಿ ಮುಚ್ಚಿಹೋಗಿದೆ. ಒಳಗಿನಿಂದ ನೋಡಿದರೆ ಕಟ್ಟೆ ಸೀದಾ ಕಿಟಕಿಗೇ ಮುಟ್ಟಿದ ಹಾಗೆ. ಚೌಕಟ್ಟಿನ ಎರಡಿಂಚು ಪಟ್ಟಿ ಕಲ್ಲಿನ ಮೇಲೆ ಎದ್ದು ಕಾಣ್ತದೆ. ಕಾಣ್ಲಿ. ಕಟ್ಟೆಯ ಮೇಲೆ ಚೆಲ್ಲಿದ ನೀರು ಕಿಟಕಿಯೊಳಗೆ ಹೋಗದ ಹಾಗೆ ತಡೆಯೋದೂ ಅದೇ ಪಟ್ಟಿ.

ಸ್ಲೈಡಿಂಗ್ ಬಿಟ್ಟೆವು. ಕೆಳಗಿನ ಒಂದಡಿ ತೆರೆಯದ ಗಾಜು, ಅದರ ಮೇಲೆ ಹೊರಕ್ಕೆ ತೆರೆಯೋ ಬಾಗಿಲು, ಕೀಲು ಮೇಲ್ಗಡೆ. ಅರ್ಧ ತೆರೆದರೆ ಸಜ್ಜಾದ ಹಾಗೆ ನಿಲ್ಲುತ್ತದೆ, ಸಣ್ಣ ಮಳೆಗೂ ತೆರೆದಿಡಬಹುದು. ಮುಚ್ಚಿದಾಗ ರಬ್ಬರ್ ಪಟ್ಟಿಗೆ ಒತ್ತಿ ಕೂರ್ತದೆ. ಅಡ್ಡ ಮಳೆಗೆ ಸರಿಯೋ ಕಿಟಕಿಗಿಂತ ಇದೇ ಗಟ್ಟಿ. ಆಯಿಗೆ ಗೇಟು ಕಾಣೋದು ಕೆಳಗಿನ ಗಾಜಿನಲ್ಲೂ ಕಾಣ್ತದೆ, ಅದನ್ನು ತೆರೆಯೋ ಅಗತ್ಯವೇ ಇಲ್ಲ. ಇಷ್ಟು ಸಣ್ಣ ವಿಷಯ ಮೊದಲ ಸಲ ನನ್ನ ತಲೆಗೆ ಹೋಗಿರಲಿಲ್ಲ.

ಕಲ್ಲು ಕತ್ತರಿಸೋ ಮೊದಲು ತೀರ್ಮಾನ ಮಾಡಿ

ಗೆಳತಿಗೆ ನಾನು ಕಳಿಸಿದ ಪಟ್ಟಿ ಇದು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

*ಎತ್ತರ:* ಅಡುಗೆ ಮಾಡೋರನ್ನು ನಿಲ್ಲಿಸಿ, ಮೊಣಕೈಯಿಂದ ನಾಲ್ಕೈದು ಇಂಚು ಕೆಳಗೆ ಗುರುತು ಹಾಕಿ. ಅದು ಅವರ ಕಟ್ಟೆ. ಆಯಿಗೆ 31 ಇಂಚು ಬಂತು, ಹಳೇ ಕಟ್ಟೆ 34 ಇತ್ತು. ಇಷ್ಟು ವರ್ಷ ಅವಳು ಭುಜ ಎತ್ತಿಕೊಂಡೇ ದೋಸೆ ಹೊಯ್ದಿದ್ದಾಳೆ. ಮೊದಲ ಸಲ ಮಾಡಿಸಿದಾಗ ನಾನು ಸರಿಯಾಗಿ ಮಾಡಿದ ಒಂದೇ ಕೆಲಸ ಈ ಅಳತೆ.

*ಗೋಡೆ:* ಇದ್ದ ಕಿಟಕಿಯನ್ನು ಕೆಳಗೆ ಇಳಿಸೋದು ಸುಲಭ, ಮೇಲಿನ ಲಿಂಟೆಲ್ ಮುಟ್ಟೋದಿಲ್ಲ. ಅಗಲ ಹೆಚ್ಚಿಸ್ತೀರಿ ಅಂದ್ರೆ ಲಿಂಟೆಲ್ ಹೊಸದು ಬೇಕು. ಇಂಜಿನಿಯರಿಗೆ ತೋರಿಸದೆ ಗೋಡೆ ಒಡೀಬೇಡಿ.

*ಒಲೆ:* ಕಿಟಕಿಯೆದುರು ಗ್ಯಾಸ್ ಒಲೆ ಬೇಡವೇ ಬೇಡ. ಗಾಳಿಗೆ ಉರಿ ಆರಿ ಗ್ಯಾಸ್ ಸೋರಿದರೆ ಅಪಾಯ. ಪರದೆಗೆ ಬೆಂಕಿ ಹತ್ತೋ ಭಯ ಬೇರೆ. ಕಿಟಕಿಯೆದುರು ಸಿಂಕ್ ಅಥವಾ ಹೆಚ್ಚೋ ಜಾಗ ಇರಲಿ, ಒಲೆ ಪಕ್ಕದ ಗೋಡೆಗೆ.

*ನಳ ಮತ್ತು ಸ್ವಿಚ್:* ಕಟ್ಟೆ ಮೇಲೆ ಗೋಡೆಯೇ ಇಲ್ಲ ಅಂದ ಮೇಲೆ ಗೋಡೆ ನಳ ಎಲ್ಲಿ ಕೂರ್ತದೆ? ಕಲ್ಲಿನಿಂದ ಮೇಲೆ ಬರೋ ನಳ ಬೇಕು, ಪೈಪು ಕೆಳಗಿಂದ ಬರಬೇಕು. ಕಿಟಕಿ ಒಳಗೆ ತೆರೆಯೋದಾದರೆ ನಳ ತಾಗ್ತದೆ. ಮಿಕ್ಸಿ, ಇಂಡಕ್ಷನ್ ಪಾಯಿಂಟ್‌ಗಳು ಪಕ್ಕದ ಗೋಡೆಗೆ, ನೀರಿನಿಂದ ದೂರ. ಇದೆಲ್ಲ ಗಾರೆಗೆ ಮುಂಚೆ ಆಗ್ಬೇಕು.

*ಕಲ್ಲು:* ಅಮೃತಶಿಲೆ ಮತ್ತು ಕಪ್ಪು ಕಡಪ ಎರಡಕ್ಕೂ ಹುಳಿ ಆಗದು. ಎರಡರಲ್ಲೂ ಇರೋದು ಸುಣ್ಣದ ಅಂಶ, ಲಿಂಬೆ, ಹುಣಸೆ, ಮುರುಗಲು ಬಿದ್ದ ಕಡೆ ಹೊಳಪು ತಿಂದುಹಾಕ್ತದೆ. ದಿನಾ ಮೀನಿಗೆ ಹುಳಿ ಹಾಕೋ ನಮ್ಮಂಥವರಿಗೆ ಗ್ರಾನೈಟೇ ಸರಿ. ಆದರೆ ಪಡುವಣ ಬಿಸಿಲಿಗೆ ಕಪ್ಪು ಗ್ರಾನೈಟ್ ಸಂಜೆವರೆಗೂ ಬಿಸಿ ಇರ್ತದೆ. ಎಣ್ಣೆ, ಉಪ್ಪಿನಕಾಯಿ ಅಲ್ಲಿ ಇಡಬೇಡಿ.

*ಗಾಜು:* ಕಟ್ಟೆಯ ಮಟ್ಟದಲ್ಲಿ ಕುಕ್ಕರ್, ಪಾತ್ರೆ ತಾಗೇ ತಾಗ್ತದೆ. ಟಫನ್ಡ್ ಗಾಜೇ ಹಾಕಿಸಿ. ಅದನ್ನು ತಯಾರಾದ ಮೇಲೆ ಕತ್ತರಿಸೋಕೆ ಆಗೋದಿಲ್ಲ. ಹಾಗಾಗಿ ಕಲ್ಲು ಕೂರಿಸಿದ ಮೇಲೇ ಕಿಟಕಿಯ ಅಳತೆ ಕೊಡಬೇಕು. ನಮ್ಮ ಹಳೇ ಗಾಜು ಹೊಸ ಚೌಕಟ್ಟಿಗೆ ಬರಲಿಲ್ಲ, ಎರಡನೇ ಸಲ ದುಡ್ಡು ಕೊಟ್ಟೆ.

*ಉಪ್ಪು ಗಾಳಿ:* ಸಮುದ್ರದ ಹತ್ತಿರ ಸಾದಾ ಕಬ್ಬಿಣದ ಗ್ರಿಲ್ ಬೇಗ ತುಕ್ಕು ಹಿಡಿದು, ಕಲ್ಲಿನ ಮೇಲೆ ಕಂದು ಕಲೆ ಇಳಿಸ್ತದೆ. ಸ್ಟೀಲ್ ಅಂದ್ರೂ ಎಲ್ಲ ಒಂದೇ ಅಲ್ಲ. 304ಕ್ಕಿಂತ 316 ಉಪ್ಪಿಗೆ ಹೆಚ್ಚು ತಾಳ್ತದೆ, ಅದರಲ್ಲಿ ಮಾಲಿಬ್ಡಿನಂ ಇದೆ. ಇಡೀ ಗ್ರಿಲ್ಲಿಗೆ ಆಗದಿದ್ದರೆ ಸ್ಕ್ರೂ, ಕೀಲುಗಳಿಗಾದರೂ 316 ಕೇಳಿ. ಕಿಟಕಿ ಹೊರಕ್ಕೆ ತೆರೆಯೋದಾದರೆ ಗ್ರಿಲ್ ಒಳಬದಿಗೆ ಬರ್ತದೆ, ಕೈ ತೂರೋ ಜಾಗ ಬಿಡಿಸಿ.

*ಸಿಲಿಕೋನ್:* ವಿನೆಗರ್ ಥರ ವಾಸನೆ ಬರೋ ಅಗ್ಗದ ಸಿಲಿಕೋನ್ ಕಲ್ಲಿಗೂ ಲೋಹಕ್ಕೂ ಒಳ್ಳೇದಲ್ಲ. ನ್ಯೂಟ್ರಲ್ ಅಂತ ಬರೆದಿರೋದು, ಕಲ್ಲಿಗೆ ಆಗುವಂಥದ್ದು ತನ್ನಿ. ಚೌಕಟ್ಟಿಗೂ ಕಲ್ಲಿಗೂ ನಡುವೆ ಮೂರ್ನಾಲ್ಕು ಮಿಲಿಮೀಟರ್ ಸಂದಿ ಬಿಟ್ಟು ತುಂಬಬೇಕು. ಬಿಸಿಲಿಗೆ ಚೌಕಟ್ಟು ಹಿಗ್ಗುತ್ತದೆ, ಯುಪಿವಿಸಿ ಆದರಂತೂ ಇನ್ನೂ ಹೆಚ್ಚು. ಮತ್ತೆ, ನೀರು ಹೋಗೋ ತೂತುಗಳನ್ನು ಮುಚ್ಚೋಕೆ ಯಾರಿಗೂ ಬಿಡಬೇಡಿ. ಎದುರಿಗೆ ನಿಂತು ನೋಡಿ.

ಪೈಪ್ ಹಿಡಿದು ಪರೀಕ್ಷೆ

ಇದು ಗೌಂಡಿಯವರ ಐಡಿಯಾ. ಕೆಲಸ ಮುಗಿದ ಮೇಲೆ, ಬಾಕಿ ದುಡ್ಡು ಕೊಡೋ ಮುಂಚೆ, ತೋಟದ ಪೈಪ್ ಹಿಡಿದು ಹೊರಗಿನಿಂದ ಕಿಟಕಿಗೆ ನೀರು ಹೊಡೆಯಿರಿ. ಮೇಲಿಂದ ಅಲ್ಲ, ಅಡ್ಡ ಮತ್ತು ಕೆಳಗಿನಿಂದ ಮೇಲಕ್ಕೆ. ಹದಿನೈದು ನಿಮಿಷ. ಒಬ್ಬರು ಒಳಗೆ ಒಣ ಕಾಗದ ಹಿಡಿದು ಮೂಲೆ ಮೂಲೆಗೆ ಒತ್ತಿ ನೋಡಲಿ. ಕಾಗದ ಒದ್ದೆಯಾದರೆ ಅಲ್ಲಿ ಸೋರಿಕೆ ಇದೆ. ನಮ್ಮಲ್ಲಿ ಒಂದು ಮೂಲೆ ಒದ್ದೆಯಾಯಿತು, ಅವತ್ತೇ ಸರಿ ಮಾಡಿದರು. ಜೂನ್‌ನಲ್ಲಿ ಗೊತ್ತಾಗೋದಕ್ಕಿಂತ ಡಿಸೆಂಬರ್‌ನಲ್ಲಿ ಗೊತ್ತಾದದ್ದು ಒಳ್ಳೇದಾಯಿತಲ್ಲ.

ಎಲ್ಲರಿಗೂ ಈ ಕಿಟಕಿ ಬೇಕಾ? ಬೇಡ. ಪಡುವಣಕ್ಕೆ ಸಜ್ಜಾ ಇಲ್ಲದ ಮನೆ, ಅಪಾರ್ಟ್‌ಮೆಂಟಿನ ಮೇಲಿನ ಮಹಡಿ, ಕಟ್ಟೆ ಹತ್ತೋ ಪುಟ್ಟ ಮಕ್ಕಳಿರೋ ಮನೆ ಆದರೆ ಎರಡು ಸಲ ಯೋಚಿಸಿ. ಮೂಡಣ ಗೋಡೆ ಇದ್ದರೆ ಅಲ್ಲಿ ಮಾಡಿಸಿ, ಅರ್ಧ ತಲೆನೋವು ಕಡಿಮೆ. ನಮಗೆ ಆಯ್ಕೆ ಇರಲಿಲ್ಲ. ನಮ್ಮ ಗೇಟು ಇರೋದೇ ಪಡುವಣಕ್ಕೆ.

2025ರ ಮಳೆಗಾಲ ಬಂತು, ಹೋಯಿತು. ಜೂನ್‌ನಲ್ಲಿ ಒಂದು ಭಾನುವಾರ ನಾನು ವೀಡಿಯೋ ಕಾಲ್ ಮಾಡಿ, "ಕಟ್ಟೆ ತೋರಿಸು" ಅಂದೆ. ಈಗ ಆಯಿಯ "ಅಡ್ಡಿಲ್ಲ"ವನ್ನು ನಾನು ಸುಮ್ಮನೆ ನಂಬೋದಿಲ್ಲ. ಅವಳು ಫೋನನ್ನು ಕಟ್ಟೆಗೆ ತಿರುಗಿಸಿದಳು. ಗಾಜಿನ ಮೇಲೆ ಮಳೆ ರಪರಪ ಹೊಡೀತಿತ್ತು, ಕಲ್ಲು ಒಣಗಿತ್ತು. ಮೂಲೆಗಳನ್ನೂ ತೋರಿಸು ಅಂದೆ. ತೋರಿಸಿದಳು. ಅಷ್ಟರಲ್ಲಿ, "ತಡಿ, ಯಾರೋ ಛತ್ರಿ ಹಿಡ್ಕೊಂಡು ಗೇಟು ತೆಗೀತಾ ಇದ್ದಾರೆ, ಆಮೇಲೆ ಮಾಡ್ತೆ" ಅಂತ ಹೇಳಿ ಫೋನ್ ಇಟ್ಟೇಬಿಟ್ಟಳು.

ಊರಲ್ಲಿ ಅಪ್ಪ-ಅಮ್ಮನ ಮನೆ ರಿಪೇರಿ ಮಾಡಿಸೋ ನನ್ನಂಥವರಿಗೆ ಹೇಳೋದು ಇಷ್ಟೇ. ನಾವು ದೂರದಿಂದ ದುಡ್ಡು ಕಳಿಸ್ತೇವೆ, ಫೋಟೋ ಕಳಿಸ್ತೇವೆ. ಆ ಮನೆಯಲ್ಲಿ ಮಳೆಗಾಲ ಕಳೆಯೋರು ಅವರು. ಗೌಂಡಿ ಒಂದು ಮಾತು ಹೇಳಿದರೆ ಫೋನ್ ಕೆಳಗಿಟ್ಟು ಕೇಳಿ. ಮತ್ತೆ ಮೊದಲ ಮಳೆ ಬಂದ ದಿನ ಫೋನಲ್ಲಿ "ಅರಾಮಾ?" ಅಂತ ಮಾತ್ರ ಕೇಳ್ಬೇಡಿ. ಕಟ್ಟೆ ತೋರಿಸೋಕೆ ಹೇಳಿ.

ನಿಮ್ಮ ಮನೆಯ ಕಿಟಕಿ, ಕಟ್ಟೆ, ಸೋರಿಕೆಯ ಕಥೆ ಇದ್ದರೆ ಬರೆದು ಕಳಿಸಿ. ಬರೋ ವಾರ ಹಂಚಿನ ಮಾಡಿನ ಬಗ್ಗೆ ಮಾತಾಡೋಣ.